ಪಟ್ಟಿ ಹೊಸದು, ಸ್ಟೇರಿಂಗ್ ಯಾಕೆ ಎಳೆಯುತ್ತದೆ?

(ಸಂಘದ ವಾರ್ಷಿಕೋತ್ಸವದ ದಿನ ಚಾಲಕರಿಗೂ, ಮೆಕ್ಯಾನಿಕ್ ಕೆಲಸ ಕಲಿಯುತ್ತಿರುವ ಹುಡುಗರಿಗೂ ಮಾಡಿದ ಮಾತಿನ ಬರಹರೂಪ)



ಸಂಘದ ಹುಡುಗರು ಮನೆಗೆ ಬಂದು, “ಅಣ್ಣ, ಈ ಸಲ ದೊಡ್ಡ ಭಾಷಣ ಬ್ಯಾಡ, ನಿಮ್ಮ ಕೆಲಸದ ಇಚಾರನೇ ಹೇಳಿ” ಅಂದರು. ಅದಕ್ಕೇ ಒಪ್ಪಿಕೊಂಡೆ. ನನಗೆ ಗೊತ್ತಿರೋದು ಲಾರಿ ಅಡಿ ಮಲಗಿ ಕಲಿತದ್ದು. ಅದರಲ್ಲಿ ಒಂದೇ ಒಂದು ವಿಷಯ ಇವತ್ತು ಹೇಳುತ್ತೇನೆ. ಓದುತ್ತಿರುವ ನೀವು ಚಾಲಕರಾಗಿದ್ದರೆ ನಿಮ್ಮ ಜೀವಕ್ಕೆ ಬೇಕಾದದ್ದು, ಮೆಕ್ಯಾನಿಕ್ ಆಗಿದ್ದರೆ ನಿಮ್ಮ ಹೆಸರಿಗೆ ಬೇಕಾದದ್ದು. ಎರಡೂ ಅಲ್ಲದಿದ್ದರೂ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಬ್ಬ ಲಾರಿ ಹುಡುಗ ಇದ್ದೇ ಇರುತ್ತಾನೆ. ಅವನಿಗೆ ಓದಿ ಹೇಳಿ.

ತಾಳವಾಡಿ ಸೀಮೆಯವರಿಗೆ ದಿಂಬಂ ಘಾಟಿ ಹೊಸದಲ್ಲ. ಬಣ್ಣಾರಿಯಿಂದ ಮೇಲಕ್ಕೆ 27 ಹೇರ್‌ಪಿನ್ ತಿರುವು. ಆಸನೂರು ದಾಟಿ ಚಾಮರಾಜನಗರಕ್ಕೆ ಹೋಗುವ ಈ ದಾರಿ ಮೊದಲು 209, ಈಗ 948 ನಂಬರಿನ ರಾಷ್ಟ್ರೀಯ ಹೆದ್ದಾರಿ. 2022ರಲ್ಲಿ ಮದ್ರಾಸ್ ಹೈಕೋರ್ಟು ಇಲ್ಲಿ ರಾತ್ರಿ ಸಂಚಾರ ತಡೆದ ಮೇಲೆ, ಹೊತ್ತು ಮುಳುಗುವ ಮೊದಲು ಇಳಿಯಬೇಕು, ಇಲ್ಲವೇ ಹತ್ತಬೇಕು ಅನ್ನುವ ಅವಸರ ಚಾಲಕನ ತಲೆ ಮೇಲಿದೆ. ಬಯಲು ರಸ್ತೆಯಲ್ಲಿ ಸ್ಟೇರಿಂಗ್ ಒಂದು ಚೂರು ಎಳೆದರೆ ಕೈ ನೋವು ಬರುತ್ತದೆ, ಅಷ್ಟೆ. ಲೋಡು ಹೊತ್ತು ದಿಂಬಂ ಇಳಿಯುವಾಗ ಎಳೆದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಈ ತೊಂದರೆ ಹೆಚ್ಚಾಗಿ ಬರುವುದು ಯಾವಾಗ ಗೊತ್ತಾ? ಲಾರಿ ಹಳೆಯದಾಗಿ ಸವೆದಾಗ ಮಾತ್ರ ಅಲ್ಲ. ದುಡ್ಡು ಸುರಿದು, ಕಮಾನ್ ಪಟ್ಟಿ ಸೆಟ್ಟು, ಬುಷ್ಷು, ಶ್ಯಾಕಲ್ಲು, ಕಿಂಗ್ ಪಿನ್ನು ಎಲ್ಲಾ ಹೊಸದು ಹಾಕಿಸಿದ ಮಾರನೇ ದಿನ. ಮಾಲೀಕ ಹೇಳುತ್ತಾನೆ, “ಎಲ್ಲಾ ಹೊಸದು ಹಾಕ್ಸಿವ್ನಿ, ನಿನಗೆ ಓಡಿಸಾಕೆ ಬರಕಿಲ್ಲ.” ವರ್ಕ್‌ಶಾಪಿನವನು ಹೇಳುತ್ತಾನೆ, “ಓಡ್ತಾ ಓಡ್ತಾ ಸರಿ ಹೋಯ್ತದೆ.” ಎರಡೂ ಸುಳ್ಳು. ಹೊಸ ಸಾಮಾನು ಹಾಕಿದ ಮೇಲೆ ಬಂದ ತೊಂದರೆ ತಾನಾಗಿ ಸರಿ ಹೋಗುವುದಿಲ್ಲ. ಬಿಚ್ಚಿದ ಜಾಗದಲ್ಲೇ ಅದರ ಕಾರಣ ಇರುತ್ತದೆ. ಹುಡುಕುವ ಕ್ರಮ ಗೊತ್ತಿರಬೇಕು.

ಮೊದಲು ಸರಪಳಿ ತಿಳಿಯಿರಿ

ನಮ್ಮ ಕಡೆ ಓಡುವ ಲಾರಿಗಳಲ್ಲಿ ಮುಂದಿನ ಎರಡು ಚಕ್ರವನ್ನು ಹಿಡಿದಿರುವುದು ಒಂದೇ ಉದ್ದನೆಯ ಕಬ್ಬಿಣದ ಆಕ್ಸಲ್. ಆ ಆಕ್ಸಲ್ ಚಾಸಿಗೆ ನೇರವಾಗಿ ಅಂಟಿಕೊಂಡಿಲ್ಲ. ಎರಡು ಕಡೆಯ ಕಮಾನ್ ಪಟ್ಟಿಗಳೇ ಅದನ್ನು ಹಿಡಿದಿರುತ್ತವೆ. ಅಂದರೆ ಪಟ್ಟಿಗೆ ಎರಡು ಕೆಲಸ. ಒಂದು ಭಾರ ಹೊರುವುದು, ಇನ್ನೊಂದು ಆಕ್ಸಲ್ ಹಿಂದೆ ಮುಂದೆ ಸರಿಯದಂತೆ ಇದ್ದ ಜಾಗದಲ್ಲೇ ಇಡುವುದು. ಪಟ್ಟಿ ಅಂದರೆ ಬರೀ ಭಾರದ್ದು ಅಂತ ತಿಳಿದವರು ಈ ಎರಡನೇ ಕೆಲಸವನ್ನು ಮರೆಯುತ್ತಾರೆ.

ಇನ್ನು ಸ್ಟೇರಿಂಗ್ ನೋಡಿ. ನಿಮ್ಮ ಕೈಯಿಂದ ಕಾಲಮ್ಮು, ಅಲ್ಲಿಂದ ಸ್ಟೇರಿಂಗ್ ಬಾಕ್ಸು, ಬಾಕ್ಸಿನಿಂದ ಇಳಿಬಿದ್ದಿರುವ ಡ್ರಾಪ್ ಆರ್ಮ್, ಅದರ ತುದಿಯಿಂದ ಡ್ರ್ಯಾಗ್ ಲಿಂಕು, ಅದು ಬಲ ಚಕ್ರದ ಸ್ಟೇರಿಂಗ್ ಆರ್ಮಿಗೆ. ಬಲ ಚಕ್ರದಿಂದ ಎಡ ಚಕ್ರಕ್ಕೆ ಟೈ ರಾಡು. ಚಕ್ರ ತಿರುಗುವ ಅಚ್ಚು ಕಿಂಗ್ ಪಿನ್ನು. ಬಾಕ್ಸು ಇರುವುದು ಚಾಸಿ ಮೇಲೆ, ಚಕ್ರ ಇರುವುದು ಆಕ್ಸಲ್ ಮೇಲೆ. ಇವೆರಡರ ನಡುವೆ ಪಟ್ಟಿ ಕುಣಿಯುತ್ತಿರುತ್ತದೆ. ಆದ್ದರಿಂದ ಪಟ್ಟಿ ಮುಟ್ಟಿದಿರಿ ಅಂದರೆ ಸ್ಟೇರಿಂಗ್ ಮುಟ್ಟಿದ ಹಾಗೇ.

ಎಷ್ಟು ಮುಟ್ಟಿದ ಹಾಗೆ ಅನ್ನುವುದಕ್ಕೆ ಒಂದು ಲೆಕ್ಕ. ಡ್ರಾಪ್ ಆರ್ಮ್ 200 ಮಿ.ಮೀ. ಉದ್ದ, ಬಾಕ್ಸಿನ ಅನುಪಾತ 20ಕ್ಕೆ 1 ಅಂತ ಹಿಡಿಯಿರಿ. ಹೊಸ ಪಟ್ಟಿ ಹಾಕುವಾಗ ಆಕ್ಸಲ್ ಬರೀ 5 ಮಿ.ಮೀ. ಹಿಂದಕ್ಕೆ ಕೂತಿತು. ಡ್ರಾಪ್ ಆರ್ಮ್ ಸುಮಾರು ಒಂದೂವರೆ ಡಿಗ್ರಿ ತಿರುಗಬೇಕಾಗುತ್ತದೆ. ಅದನ್ನು 20ರಿಂದ ಗುಣಿಸಿದರೆ ನಿಮ್ಮ ಕೈಯಲ್ಲಿರುವ ಚಕ್ರ 30 ಡಿಗ್ರಿ ಹತ್ತಿರ ತಿರುಗುತ್ತದೆ. ಗಡಿಯಾರದಲ್ಲಿ 12ಕ್ಕೆ ಇದ್ದ ಮುಳ್ಳು 1ಕ್ಕೆ ಹೋದಂತೆ. ಅರ್ಧ ಸೆಂಟಿಮೀಟರಿನ ತಪ್ಪು ಅಷ್ಟು ದೊಡ್ಡದಾಗಿ ಕಾಣುತ್ತದೆ.

ಚಾಲಕನನ್ನು ಕೇಳಿ

ಒಂದು ಆರು ಚಕ್ರದ ಲಾರಿ ಶೆಡ್ಡಿಗೆ ಬಂತು ಅಂತ ಇಟ್ಟುಕೊಳ್ಳಿ. ಚಾಲಕ ಇಳಿದು, “ಅಣ್ಣ, ಮುಂದ್ಲೆರಡೂ ಪಟ್ಟಿ ಸೆಟ್ಟು ಹೊಸದು. ಹಾಕ್ಸಿದ ಮ್ಯಾಲೆ ಎಡಕ್ಕೆ ಎಳೀತದೆ” ಅಂತಾನೆ. ಕೂಡಲೆ ಸ್ಪ್ಯಾನರ್ ಎತ್ತಬೇಡಿ. ಕೂರಿಸಿ, ನೀರು ಕೊಟ್ಟು, ಕೇಳಿ. ಯಾವಾಗಲೂ ಎಳೆಯುತ್ತದಾ, ಬ್ರೇಕ್ ಒತ್ತಿದಾಗ ಮಾತ್ರವಾ? ಖಾಲಿಯಲ್ಲೂ ಇದೆಯಾ, ಲೋಡಿನಲ್ಲಿ ಮಾತ್ರವಾ? ತಿರುವು ತೆಗೆದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತದಾ, ನೀನೇ ಎಳೆದು ತರಬೇಕಾ? ಭಾರ ಆಗಿದೆಯಾ, ಇಲ್ಲಾ ಸಡಿಲ ಆಗಿದೆಯಾ? ಗುಂಡಿಗೆ ಬಿದ್ದಾಗ ನಡುಗುತ್ತದಾ?

ಈ ಪ್ರಶ್ನೆಗಳ ಉತ್ತರದಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಮೊದಲು ಬ್ರೇಕು ನೋಡಬೇಕು, ಆಮೇಲೆ ಯು ಬೋಲ್ಟು. ತಿರುವಿನಿಂದ ವಾಪಸ್ ಬಾರದಿದ್ದರೆ ಕಿಂಗ್ ಪಿನ್ನೋ ಕ್ಯಾಸ್ಟರೋ. ನೇರ ರಸ್ತೆಯಲ್ಲಿ ಅತ್ತ ಇತ್ತ ಅಲೆದರೆ ಸಡಿಲ ಜಾಯಿಂಟು, ಟೋ ಅಥವಾ ಕ್ಯಾಸ್ಟರ್ ಕಡಿಮೆ. ಸದಾ ಒಂದೇ ಕಡೆ ಎಳೆದರೆ ಆಕ್ಸಲ್ ಸೊಟ್ಟ ಕೂತಿರಬಹುದು. ದಿನಕ್ಕೆ ಹತ್ತು ಗಂಟೆ ಆ ಚಕ್ರ ಹಿಡಿದವನಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. ಚಾಲಕನ ಮಾತನ್ನು ಅಲ್ಲಗಳೆಯುವ ಮೆಕ್ಯಾನಿಕ್ ಒಳ್ಳೆಯ ಮೆಕ್ಯಾನಿಕ್ ಅಲ್ಲ.

ಖರ್ಚಿಲ್ಲದ ಪರೀಕ್ಷೆ ಮೊದಲು

ದುಡ್ಡು ಕೇಳದ ಪರೀಕ್ಷೆಗಳನ್ನು ಮೊದಲು ಮುಗಿಸಿ. ಮುಂದಿನ ಎರಡೂ ಟೈರಿನ ಗಾಳಿ ಸಮ ಇದೆಯಾ? ಎರಡೂ ಒಂದೇ ಅಳತೆ, ಒಂದೇ ತರದ ಟೈರಾ? ಒಂದು ಕಡೆ ಹೊಸದು, ಇನ್ನೊಂದು ಕಡೆ ಬೋಳು ಇದ್ದರೆ ಅದೇ ಎಳೆಯುತ್ತದೆ. ಎರಡೂ ಟೈರನ್ನು ಅದಲು ಬದಲು ಮಾಡಿ ಓಡಿಸಿ ನೋಡಿ. ಎಳೆತ ಬಲಕ್ಕೆ ಬದಲಾದರೆ ಟೈರಿನದೇ ತಪ್ಪು, ಲಾರಿಯದಲ್ಲ.

ರಸ್ತೆಯನ್ನೂ ಮರೆಯಬೇಡಿ. ನೀರು ಇಳಿಯಲಿ ಅಂತ ರಸ್ತೆಯ ನಡುವೆ ಎತ್ತರ, ಅಂಚಿಗೆ ಇಳಿಜಾರು ಮಾಡಿರುತ್ತಾರೆ. ಎಡಗಡೆ ಓಡುವ ನಮಗೆ ಸ್ವಲ್ಪ ಎಡಕ್ಕೆ ಜಾರುವುದು ಸಹಜ. ಸಮತಟ್ಟು ಜಾಗದಲ್ಲಿ ಓಡಿಸಿ ನೋಡದೆ ತೀರ್ಪು ಕೊಡಬೇಡಿ.

ನಾಲ್ಕೈದು ಕಿಲೋಮೀಟರ್ ಓಡಿಸಿ ಬಂದ ಮೇಲೆ ಎರಡೂ ಹಬ್ಬಿನ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ಒಂದು ಕಡೆ ಬೇರೆಯದಕ್ಕಿಂತ ಜಾಸ್ತಿ ಬಿಸಿ ಹೊಡೆದರೆ ಆ ಕಡೆ ಬ್ರೇಕ್ ಹಿಡಿದುಕೊಂಡಿದೆ, ಇಲ್ಲಾ ಬೇರಿಂಗ್ ಬಿಗಿಯಾಗಿದೆ.

ಜಾಯಿಂಟು ಒಂದೊಂದೇ

ಲಾರಿಯ ಭಾರ ಚಕ್ರದ ಮೇಲೆ ಇರುವಾಗಲೇ, ಪವರ್ ಸ್ಟೇರಿಂಗ್ ಆದರೆ ಇಂಜಿನ್ ಚಾಲೂ ಇಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಒಬ್ಬನನ್ನು ಸ್ಟೇರಿಂಗ್ ಮುಂದೆ ಕೂರಿಸಿ. ಅವನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡಿಸುತ್ತಿರಲಿ. ನೀವು ಮೇಲಿಂದ ಕೆಳಕ್ಕೆ ಒಂದೊಂದೇ ನೋಡಿ. ಕಾಲಮ್ಮಿನ ಜಾಯಿಂಟು, ಬಾಕ್ಸನ್ನು ಚಾಸಿಗೆ ಕಟ್ಟಿದ ಬೋಲ್ಟು, ಡ್ರಾಪ್ ಆರ್ಮಿನ ನಟ್ಟು, ಡ್ರ್ಯಾಗ್ ಲಿಂಕಿನ ಎರಡು ತುದಿ, ಟೈ ರಾಡಿನ ಎರಡು ತುದಿ. ಒಂದು ಕಡೆ ಅಲುಗಿ ಮುಂದಿನದು ಅಲುಗದೆ ನಿಂತರೆ ಆಟ ಇರುವುದು ಅವೆರಡರ ನಡುವೆ. ಬಾಲ್ ಜಾಯಿಂಟಿನ ಮೇಲೆ ಬೆರಳಿಟ್ಟರೆ ಕಣ್ಣಿಗೆ ಕಾಣದ ಆಟವೂ ತಿಳಿಯುತ್ತದೆ.

ಆಮೇಲೆ ಮುಂದಿನ ಆಕ್ಸಲ್ ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಕೊಡಿ. ಇದನ್ನು ಎರಡು ಸಲ ಹೇಳುತ್ತೇನೆ: ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ. ಮಾಲೀಕ ಎಷ್ಟೇ ಅವಸರ ಮಾಡಲಿ, ಹುಡುಗನನ್ನು ಬರೀ ಜಾಕಿನ ಅಡಿಗೆ ಕಳಿಸಬೇಡಿ.

ಟೈರಿನ ಅಡಿಗೆ ಹಾರೆ ಕೊಟ್ಟು ಮೇಲೆ ಕೆಳಗೆ ಮೀಟಿ, ಟೈರಿನ ನೆತ್ತಿಯನ್ನು ಒಳಕ್ಕೆ ಹೊರಕ್ಕೆ ಆಡಿಸಿ. ಆಟ ಕಂಡರೆ ಅದು ವೀಲ್ ಬೇರಿಂಗಿನದಾ, ಕಿಂಗ್ ಪಿನ್ನಿನದಾ? ಒಬ್ಬನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಆಡಿಸಿ. ಆಟ ಮಾಯವಾದರೆ ಬೇರಿಂಗು. ಹಾಗೇ ಉಳಿದರೆ ಕಿಂಗ್ ಪಿನ್ನು. ಇಷ್ಟು ಗೊತ್ತಿಲ್ಲದೆ ಎರಡನ್ನೂ ಬಿಚ್ಚಿ ಬಡವನ ದುಡ್ಡು ಹಾಳು ಮಾಡುವವರು ಬೇಕಾದಷ್ಟು ಜನ ಇದ್ದಾರೆ.

ಪಟ್ಟಿ ಕೂತ ಜಾಗ

ನಮ್ಮ ಲಾರಿಯಲ್ಲಿ ಟೈರು ಸರಿ, ಗಾಳಿ ಸರಿ, ಜಾಯಿಂಟು ಎಲ್ಲಾ ಬಿಗಿ ಅಂತ ಇಟ್ಟುಕೊಳ್ಳಿ. ಈಗ ಹೊಸದಾಗಿ ಕೆಲಸ ಆದ ಜಾಗಕ್ಕೆ ಬನ್ನಿ. ಅಲ್ಲಿ ನೋಡಬೇಕಾದದ್ದು ನಾಲ್ಕು.

ಮೊದಲನೆಯದು ಸೆಂಟರ್ ಬೋಲ್ಟ್. ಪಟ್ಟಿಗಳನ್ನೆಲ್ಲ ಸೇರಿಸಿ ಹಿಡಿದ ಆ ಬೋಲ್ಟಿನ ತಲೆ ಆಕ್ಸಲ್ ಮೇಲಿನ ತೂತಿನಲ್ಲಿ ಸರಿಯಾಗಿ ಇಳಿದು ಕೂರಬೇಕು. ಆಕ್ಸಲ್ಲಿನ ಜಾಗ ಗೊತ್ತು ಮಾಡುವುದೇ ಆ ತಲೆ. ಅದು ತೂತಿಗೆ ಇಳಿಯದೆ ಅಂಚಿನ ಮೇಲೆ ಕೂತಿದ್ದಾಗಲೇ ಯು ಬೋಲ್ಟು ಬಿಗಿದರೆ ಆಕ್ಸಲ್ ಆ ಕಡೆ ಹಿಂದಕ್ಕೋ ಮುಂದಕ್ಕೋ ನಿಲ್ಲುತ್ತದೆ. ಪಟ್ಟಿಗೂ ಆಕ್ಸಲ್ಲಿಗೂ ನಡುವೆ ಬೆಳಕು ಕಾಣುತ್ತದಾ ಅಂತ ಟಾರ್ಚು ಹಿಡಿದು ನೋಡಿ. ಸಂದು ಕಂಡರೆ ಕಳ್ಳ ಸಿಕ್ಕಿದ.

ಎರಡನೆಯದು ಯು ಬೋಲ್ಟು. ಪಟ್ಟಿ ಹೊಸದಾದರೆ ಯು ಬೋಲ್ಟೂ ನಟ್ಟೂ ಹೊಸದೇ ಹಾಕಬೇಕು. ಒಮ್ಮೆ ಹಿಗ್ಗಿದ ಬೋಲ್ಟು ಮತ್ತೆ ಅದೇ ಬಿಗಿ ಹಿಡಿಯುವುದಿಲ್ಲ. ನಾಲ್ಕು ನಟ್ಟನ್ನೂ ಎದುರು ಬದುರು, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬಂದು, ಕೊನೆಗೆ ಲಾರಿಯ ಭಾರ ಚಕ್ರದ ಮೇಲೆ ಇಳಿಸಿ, ಟಾರ್ಕ್ ರೆಂಚಿನಲ್ಲಿ ಕಂಪನಿ ಪುಸ್ತಕ ಹೇಳಿದ ಅಂಕಿಗೆ ಮುಗಿಸಬೇಕು. ಪೈಪು ಸಿಕ್ಕಿಸಿ ಇಬ್ಬರು ಜೋತುಬೀಳುವುದು ಬಿಗಿ ಅಲ್ಲ. ಲೋಡು ಹಾಕಿ ಸ್ವಲ್ಪ ದೂರ ಓಡಿದ ಮೇಲೆ ಪಟ್ಟಿಗಳು ಒಂದಕ್ಕೊಂದು ಒತ್ತಿ ಕೂರುತ್ತವೆ, ಬೋಲ್ಟು ಸಡಿಲ ಬೀಳುತ್ತದೆ. ಆದ್ದರಿಂದ ಮತ್ತೊಮ್ಮೆ ಬಿಗಿಯಲೇಬೇಕು. ಇದನ್ನು ಬಿಟ್ಟದ್ದರಿಂದ ಮುರಿದ ಸೆಂಟರ್ ಬೋಲ್ಟುಗಳನ್ನು ಲೆಕ್ಕ ಇಟ್ಟವರಿಲ್ಲ.

ಮೂರನೆಯದು ವೆಡ್ಜು. ಕೆಲವು ಲಾರಿಯಲ್ಲಿ ಪಟ್ಟಿಗೂ ಆಕ್ಸಲ್ಲಿಗೂ ನಡುವೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇರುವ ಆಪಿನಂತಹ ತಗಡು ಇರುತ್ತದೆ. ಕಿಂಗ್ ಪಿನ್ನಿನ ನೆತ್ತಿ ಸ್ವಲ್ಪ ಹಿಂದಕ್ಕೆ ವಾಲಿರಲಿ ಅಂತ ಅದು. ಈ ವಾಲುವಿಕೆಗೇ ಕ್ಯಾಸ್ಟರ್ ಅನ್ನುತ್ತಾರೆ. ಸೈಕಲ್ಲಿನ ಮುಂದಿನ ಫೋರ್ಕು ವಾಲಿರುವುದನ್ನು ನೋಡಿದ್ದೀರಲ್ಲ, ಕೈ ಬಿಟ್ಟರೂ ಸೈಕಲ್ಲು ನೇರ ಹೋಗುವುದಕ್ಕೆ ಅದೂ ಒಂದು ಕಾರಣ. ಆಕ್ಸಲ್ ಮೇಲೆ ಪಟ್ಟಿ ಕೂರುವ ಲಾರಿಯಲ್ಲಿ ವೆಡ್ಜಿನ ದಪ್ಪ ಭಾಗ ಹಿಂದಕ್ಕಿದ್ದರೆ ಕ್ಯಾಸ್ಟರ್ ಹೆಚ್ಚುತ್ತದೆ, ಮುಂದಕ್ಕಿದ್ದರೆ ತಗ್ಗುತ್ತದೆ. 2 ಡಿಗ್ರಿಯ ವೆಡ್ಜನ್ನು ತಿರುಗಾಮುರುಗಾ ಹಾಕಿದರೆ 4 ಡಿಗ್ರಿ ವ್ಯತ್ಯಾಸ ಬರುತ್ತದೆ. ಸ್ಟೇರಿಂಗ್ ಹಗುರ ಅನಿಸುತ್ತದೆ, ಚಾಲಕ ಖುಷಿಯಾಗುತ್ತಾನೆ, ಆದರೆ ಲಾರಿ ನೇರ ನಿಲ್ಲುವುದಿಲ್ಲ, ತಿರುವಿನಿಂದ ವಾಪಸ್ ಬರುವುದಿಲ್ಲ. ಒಂದು ಕಡೆ ಹಾಕಿ ಇನ್ನೊಂದು ಕಡೆ ಬಿಡುವುದಂತೂ ಆಕ್ಸಲ್ಲನ್ನೇ ತಿರುಚಿದಂತೆ. ಬಿಚ್ಚುವ ಮೊದಲೇ ಸೀಮೆಸುಣ್ಣದಲ್ಲಿ ‘ಮುಂದೆ’ ಅಂತ ಗುರುತು ಹಾಕಿ, ಇಲ್ಲವೇ ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ.

ನಾಲ್ಕನೆಯದು ಎತ್ತರ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಆಕ್ಸಲ್ಲಿನಿಂದ ಚಾಸಿಯ ತನಕ ಎರಡೂ ಕಡೆ ಟೇಪು ಹಿಡಿಯಿರಿ. ಒಂದು ಕಡೆ ಮುರಿಯಿತು ಅಂತ ಆ ಕಡೆಗೆ ಮಾತ್ರ ಹೊಸ ಸೆಟ್ಟು ಹಾಕಿದ್ದರೆ ಲಾರಿ ಒಂದು ಕಡೆಗೆ ವಾಲುತ್ತದೆ. ಪಟ್ಟಿ ಜೋಡಿಯಾಗಿಯೇ ಬದಲಾಗಬೇಕು. ಎಲೆಗಳ ಲೆಕ್ಕ, ದಪ್ಪ ಎರಡೂ ಕಡೆ ಒಂದೇ ಇರಬೇಕು.

ಟೇಪು ಸುಳ್ಳು ಹೇಳುವುದಿಲ್ಲ

ಇಷ್ಟಾದ ಮೇಲೆ ಅಳತೆ. ಮುಂದಿನ ಚಕ್ರ ನೇರ ಇಟ್ಟು, ಮುಂದಿನ ಹಬ್ಬಿನ ನಡುವಿನಿಂದ ಹಿಂದಿನ ಹಬ್ಬಿನ ನಡುವಿಗೆ ಅಳೆಯಿರಿ. ಹಬ್ಬಿನಿಂದ ತೂಕದ ಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿಕೊಂಡರೆ ಇನ್ನೂ ಚೆನ್ನ. ಗಾರೆ ಕೆಲಸದ ಅಣ್ಣಂದಿರಿಗೆ ಇದು ಗೊತ್ತೇ ಇದೆ. ನಮ್ಮ ಲಾರಿಯಲ್ಲಿ ಬಲಗಡೆ 4,200 ಮಿ.ಮೀ. ಬಂತು, ಎಡಗಡೆ 4,186. ಎಡಗಡೆ 14 ಮಿ.ಮೀ. ಗಿಡ್ಡ. ಅಂದರೆ ಆಕ್ಸಲ್ಲಿನ ಎಡ ತುದಿ ಹಿಂದಕ್ಕೆ ಕೂತಿದೆ, ಆಕ್ಸಲ್ ಇಡಿಯಾಗಿ ಎಡಕ್ಕೆ ಮುಖ ಮಾಡಿದೆ. ಅದಕ್ಕೇ ಲಾರಿ ಎಡಕ್ಕೆ ಎಳೆಯುತ್ತಿತ್ತು, ಚಾಲಕ ಸ್ಟೇರಿಂಗನ್ನು ಬಲಕ್ಕೆ ಹಿಡಿದೇ ಓಡಿಸಬೇಕಿತ್ತು. ಯು ಬೋಲ್ಟು ಬಿಚ್ಚಿ ನೋಡಿದರೆ ಎಡಗಡೆ ಸೆಂಟರ್ ಬೋಲ್ಟಿನ ತಲೆ ತೂತಿನ ಹೊರಗೆ. ಚಾಲಕನಿಗೆ ಓಡಿಸಲು ಬರುತ್ತಿತ್ತು, ಲಾರಿಗೆ ಓಡಲು ಬರುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ಹುಡುಕದೆ, ಡ್ರ್ಯಾಗ್ ಲಿಂಕ್ ತಿರುಗಿಸಿ ಸ್ಟೇರಿಂಗ್ ಚಕ್ರ ನೇರ ಕಾಣುವಂತೆ ಮಾಡಿ ಕಳಿಸಬಹುದು. ಚಾಲಕ ಸಮಾಧಾನದಿಂದ ಹೋಗುತ್ತಾನೆ. ಆಕ್ಸಲ್ ಸೊಟ್ಟವೇ ಇರುತ್ತದೆ, ಬೋಲ್ಟು ದಿನ ದಿನಕ್ಕೆ ಸಡಿಲ ಆಗುತ್ತಲೇ ಇರುತ್ತದೆ. ಜ್ವರಕ್ಕೆ ಪೌಡರ್ ಬಳಿದ ಹಾಗೆ.

ಹಿಂದಿನ ಪಟ್ಟಿ ಬದಲಾಗಿದ್ದರೆ ಹಿಂದಿನ ಆಕ್ಸಲ್ಲಿಗೂ ಇದೇ ಮಾತು. ಹಿಂದಿನ ಆಕ್ಸಲ್ ಸೊಟ್ಟ ಕೂತರೆ ಲಾರಿ ನಾಯಿ ನಡೆದಂತೆ ಓರೆಯಾಗಿ ಹೋಗುತ್ತದೆ. ಮಳೆ ನೀರು ನಿಂತ ಗುಂಡಿ ದಾಟಿಸಿ ಒಣ ರಸ್ತೆಯ ಮೇಲೆ ನೇರ ಓಡಿಸಿ, ಇಳಿದು ಒದ್ದೆ ಗುರುತು ನೋಡಿ. ಹಿಂದಿನ ಚಕ್ರದ ಗುರುತು ಎರಡೂ ಕಡೆ ಒಂದೇ ಸಮ ಇಲ್ಲದೆ ಒಂದು ಪಕ್ಕಕ್ಕೆ ಸರಿದಿದ್ದರೆ ಮುಂದಿನ ಭಾಗದಲ್ಲಿ ಎಷ್ಟು ಹುಡುಕಿದರೂ ಏನೂ ಸಿಗುವುದಿಲ್ಲ.

ಆಮೇಲೆ ಟೋ. ಇದನ್ನು ಕೊನೆಗೆ ನೋಡಬೇಕು, ಮೊದಲಲ್ಲ. ಮೆಷಿನ್ ಇಲ್ಲದಿದ್ದರೂ ನಡೆಯುತ್ತದೆ. ಚಕ್ರ ಎತ್ತಿ, ತಿರುಗಿಸುತ್ತಾ, ಅಲುಗದ ಕಟ್ಟಿಗೆಗೆ ಹೊಡೆದ ಮೊಳೆಯ ತುದಿಯಿಂದ ಟೈರಿನ ನಡುವೆ ಸುತ್ತ ಒಂದು ಗೆರೆ ಎಳೆಯಿರಿ. ಎರಡೂ ಟೈರಿಗೆ ಹೀಗೆ ಮಾಡಿ, ಲಾರಿ ಇಳಿಸಿ, ಸ್ವಲ್ಪ ಮುಂದಕ್ಕೆ ತಳ್ಳಿ ನಿಲ್ಲಿಸಿ. ಹಬ್ಬಿನ ಎತ್ತರದಲ್ಲಿ ಗೆರೆಯಿಂದ ಗೆರೆಗೆ, ಟೈರಿನ ಮುಂದುಗಡೆ ಒಂದು ಅಳತೆ, ಹಿಂದುಗಡೆ ಒಂದು ಅಳತೆ. ಮುಂದಿನ ಅಳತೆ ಕಡಿಮೆ ಇದ್ದರೆ ಟೋ ಇನ್, ಜಾಸ್ತಿ ಇದ್ದರೆ ಟೋ ಔಟ್. ಎಷ್ಟಿರಬೇಕು ಅನ್ನುವುದು ಕಂಪನಿ ಪುಸ್ತಕದಲ್ಲಿ ಇರುತ್ತದೆ. ಲಾರಿಗಳಲ್ಲಿ ಅದು ಕೆಲವೇ ಮಿಲಿಮೀಟರಿನ ಮಾತು. ಟೋ ತಪ್ಪಿದರೆ ಟೈರು ಹೇಳುತ್ತದೆ. ಅಂಗೈಯನ್ನು ಟೈರಿನ ಮೇಲೆ ಒಳಕ್ಕೊಮ್ಮೆ, ಹೊರಕ್ಕೊಮ್ಮೆ ಸವರಿ. ಒಂದು ಕಡೆ ನಯ, ಇನ್ನೊಂದು ಕಡೆ ಗರಗಸದಂತೆ ತಾಗಿದರೆ ಟೈರು ನೆಲದ ಮೇಲೆ ಅಡ್ಡಕ್ಕೆ ಉಜ್ಜುತ್ತಾ ಹೋಗುತ್ತಿದೆ.

ಚಕ್ರ ನೇರ ಇಲ್ಲ, ಲಾರಿ ನೇರ ಇದೆ

ಆಕ್ಸಲ್ ಸರಿ ಕೂತಿದೆ, ಟೋ ಸರಿ ಇದೆ, ಲಾರಿ ನೇರ ಹೋಗುತ್ತದೆ, ಆದರೆ ಕೈಯಲ್ಲಿರುವ ಚಕ್ರ ಮಾತ್ರ ಓರೆ. ಆಗ ಏನು ಮಾಡುತ್ತಾರೆ? ಸ್ಟೇರಿಂಗ್ ಚಕ್ರ ಬಿಚ್ಚಿ ನೇರ ಮಾಡಿ ಕೂರಿಸುತ್ತಾರೆ. ಐದು ನಿಮಿಷದ ಕೆಲಸ, ಆದರೆ ತಪ್ಪು ಕೆಲಸ. ಲಾರಿ ನೇರ ಹೋಗುವಾಗ ಬಾಕ್ಸಿನ ಒಳಗಿನ ಗೇರೂ ನಡುವಿನಲ್ಲೇ ಇರಬೇಕು. ಅಲ್ಲಿ ಮಾತ್ರ ಅದು ಆಟ ಇಲ್ಲದೆ ಬಿಗಿಯಾಗಿ ಹಿಡಿಯುವಂತೆ ಮಾಡಿರುತ್ತಾರೆ. ಬಾಕ್ಸು ನಡುವಿನಲ್ಲಿ ಇಲ್ಲದೆ ಓಡಿದರೆ ನೇರ ರಸ್ತೆಯಲ್ಲಿ ಸಡಿಲ, ಒಂದು ಕಡೆಗೆ ಪೂರ್ತಿ ತಿರುವು, ಇನ್ನೊಂದು ಕಡೆಗೆ ಕೊರತೆ. ದಿಂಬಂ ತಿರುವಿನಲ್ಲಿ ಆ ಕೊರತೆ ಗೊತ್ತಾಗುವ ಹೊತ್ತಿಗೆ ಎದುರಿಗೆ ಬಸ್ಸು ಬಂದಿರುತ್ತದೆ. ಸರಿಯಾದ ದಾರಿ ಹೀಗೆ: ಬಾಕ್ಸನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ, ಸುತ್ತು ಎಣಿಸಿ, ಅರ್ಧಕ್ಕೆ ತಂದು ನಿಲ್ಲಿಸಿ. ಡ್ರಾಪ್ ಆರ್ಮಿನ ಗುರುತು ಕೂಡಿದೆಯಾ ನೋಡಿ. ಚಕ್ರ ನೇರ ಇಡಿ. ಆಮೇಲೆ ಡ್ರ್ಯಾಗ್ ಲಿಂಕಿನ ಉದ್ದ ಹೊಂದಿಸಿ. ಎಡಕ್ಕೆ ಬಲಕ್ಕೆ ಸುತ್ತು ಸಮ ಬರಬೇಕು.

ಭಾರ ಯಾಕೆ, ವಾಪಸ್ ಯಾಕೆ ಬರುವುದಿಲ್ಲ?

ಕಿಂಗ್ ಪಿನ್ ಹಾಕಿಸಿದ ಮೇಲೆ ಸ್ಟೇರಿಂಗ್ ಕಲ್ಲಾಗಿದ್ದರೆ, ಮುಂದಿನ ಆಕ್ಸಲ್ ಎತ್ತಿ, ಡ್ರ್ಯಾಗ್ ಲಿಂಕ್ ಕಳಚಿ, ಚಕ್ರವನ್ನು ಕೈಯಲ್ಲೇ ಎಡಕ್ಕೆ ಬಲಕ್ಕೆ ತಿರುಗಿಸಿ. ಭಾರ ಅನಿಸಿದರೆ ತಪ್ಪು ಆಕ್ಸಲ್ ಕಡೆ: ಹೊಸ ಬುಷ್ ಅಳತೆಗೆ ರೀಮ್ ಆಗಿಲ್ಲ, ಥ್ರಸ್ಟ್ ಬೇರಿಂಗ್ ತಲೆಕೆಳಗಾಗಿ ಕೂತಿದೆ, ಗ್ರೀಸ್ ಒಳಗೆ ಹೋಗುತ್ತಿಲ್ಲ, ಬುಷ್ಷಿನ ತೂತೂ ನಿಪ್ಪಲ್ಲಿನ ತೂತೂ ಕೂಡಿಲ್ಲ. ಹಗುರ ಅನಿಸಿದರೆ ತಪ್ಪು ಮೇಲಿದೆ: ಆಯಿಲ್ಲು, ಪಂಪು, ಬಾಕ್ಸು, ಕಾಲಮ್ಮು. ಒಂದು ಜಾಯಿಂಟು ಕಳಚಿದ್ದಕ್ಕೇ ಅರ್ಧ ಲಾರಿಯ ಮೇಲಿನ ಅನುಮಾನ ಕಳೆಯಿತು ನೋಡಿ.

ಹೆಚ್ಚಿನ ಎಲೆ ಸೇರಿಸುವ ಚಾಳಿ

ಲೋಡು ಜಾಸ್ತಿ ಹೊರಲಿ ಅಂತ ಪಟ್ಟಿಗೆ ಒಂದೆರಡು ಎಲೆ ಹೆಚ್ಚಿಗೆ ಸೇರಿಸುವುದು ನಮ್ಮ ಕಡೆ ಮಾಮೂಲಿ. ಮುಂದಿನ ಪಟ್ಟಿಗೆ ಸೇರಿಸಿದರೆ ಏನಾಗುತ್ತದೆ ಕೇಳಿ. ಆಕ್ಸಲ್ ಪಟ್ಟಿಯ ಕಣ್ಣಿಗೆ ಕಟ್ಟಿದ ಎತ್ತು. ಡ್ರ್ಯಾಗ್ ಲಿಂಕು ಎರಡನೇ ಹಗ್ಗ. ಎರಡೂ ಹಗ್ಗದ ಗೂಟ ಹತ್ತಿರ ಹತ್ತಿರ ಇದ್ದರೆ ಎತ್ತು ಸುತ್ತಲೂ ಸಲೀಸಾಗಿ ಮೇಯುತ್ತದೆ. ಕಂಪನಿಯವರು ಹಾಗೆ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಲಾರಿ ಎತ್ತರ ಆಯಿತು ಅಂದರೆ ಡ್ರ್ಯಾಗ್ ಲಿಂಕು ಇಳಿಜಾರಾಗಿ, ಒಂದು ಗೂಟ ದೂರ ಹೋದಂತೆ. ಚಕ್ರ ಹಳ್ಳಕ್ಕೆ ಇಳಿದು ಏಳುವಾಗ ಒಂದು ಹಗ್ಗ ಜಗ್ಗುತ್ತದೆ. ನೀವು ತಿರುಗಿಸದಿದ್ದರೂ ಲಾರಿ ತಿರುಗುತ್ತದೆ. ಬ್ರೇಕ್ ಒತ್ತಿದಾಗಲೂ ಅಷ್ಟೆ. ಯು ಬೋಲ್ಟು ಸಡಿಲ ಇದ್ದರೆ ಆಕ್ಸಲ್ ಉರುಳಿದಂತಾಗಿ ಡ್ರ್ಯಾಗ್ ಲಿಂಕನ್ನು ಎಳೆಯುತ್ತದೆ. ಆದ್ದರಿಂದ ಮುಂದಿನ ಪಟ್ಟಿಗೆ ಕಂಪನಿ ಕೊಟ್ಟಷ್ಟೇ ಎಲೆ.

ಮಾಡಲೇಬಾರದ್ದು ಇನ್ನೂ ಇವೆ. ಸ್ಟೇರಿಂಗ್ ಆರ್ಮ್, ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕ್, ಟೈ ರಾಡ್ — ಯಾವುದಕ್ಕೂ ವೆಲ್ಡಿಂಗ್ ಬೇಡ, ಗ್ಯಾಸ್ ಹಿಡಿದು ಬಗ್ಗಿಸುವುದು ಬೇಡ. ಬಗ್ಗಿದ್ದನ್ನು ಬಿಸಾಕಿ. ಪಟ್ಟಿಯ ಮೇಲೆ ಗ್ಯಾಸ್ ಕಟ್ಟರ್ ಕಿಡಿ ಬೀಳದಂತೆ ನೋಡಿಕೊಳ್ಳಿ. ಹಳೆಯ ಸ್ಪ್ಲಿಟ್ ಪಿನ್ನನ್ನು ನೇರ ಮಾಡಿ ಹಾಕಬೇಡಿ. ಅದರ ಬೆಲೆ ಒಂದು ಟೀ ಬೆಲೆಗಿಂತ ಕಡಿಮೆ.

ಬರೆದಿಡಿ

ಕೊನೆಯ ಮಾತು. ವರ್ಕ್‌ಶಾಪುಗಳಲ್ಲಿ ನಮ್ಮ ಹುಡುಗರ ಕೈಗೆ ಗ್ರೀಸ್ ಡಬ್ಬ ಕೊಡುತ್ತಾರೆ, ಸುತ್ತಿಗೆ ಕೊಡುತ್ತಾರೆ. ಟೇಪು, ಟಾರ್ಕ್ ರೆಂಚು, ಕಂಪನಿ ಪುಸ್ತಕ ಬೇರೆಯವರ ಕೈಯಲ್ಲಿ ಇರುತ್ತದೆ. ಹತ್ತು ವರ್ಷ ದುಡಿದರೂ ‘ಲೇ ಹುಡುಗ’ ಆಗಿಯೇ ಉಳಿಯುತ್ತಾರೆ. ಅಳತೆ ಹಿಡಿದವನಿಗೇ ಮಾತು, ಅವನಿಗೇ ಕೂಲಿ ಜಾಸ್ತಿ. ಒಂದೇ ಸಾಮಾನಿಗೆ ಸತ್ಯಮಂಗಲದಲ್ಲಿ ಒಂದು ಹೆಸರು, ಚಾಮರಾಜನಗರದಲ್ಲಿ ಒಂದು, ಪುಸ್ತಕದಲ್ಲಿ ಇಂಗ್ಲಿಷಿನ ಇನ್ನೊಂದು. ಮೂರೂ ಕಲಿಯಿರಿ, ಹೆದರಬೇಡಿ. ಸಾಧ್ಯ ಇರುವವರು ಐ.ಟಿ.ಐ. ಸೇರಿ ಡೀಸೆಲ್ ಮೆಕ್ಯಾನಿಕ್ ಅಥವಾ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಸರ್ಟಿಫಿಕೇಟು ಪಡೆಯಿರಿ. ಸೇರಲಾಗದವರು ಮೂವತ್ತು ರೂಪಾಯಿಯ ಒಂದು ನೋಟ್ ಪುಸ್ತಕ ತನ್ನಿ. ಯಾವ ಲಾರಿ, ಯಾವ ದಿನ, ಏನು ಬಿಚ್ಚಿದೆ, ಎಷ್ಟು ಅಳತೆ ಬಂತು, ಎಷ್ಟಕ್ಕೆ ಬಿಗಿದೆ, ಮತ್ತೆ ಯಾವಾಗ ಬರಲು ಹೇಳಿದೆ — ಬರೆದು, ಚಾಲಕನಿಗೂ ಒಂದು ಚೀಟಿ ಕೊಡಿ.

ಚಾಲಕ ತಮ್ಮಂದಿರೆ, ಆ ಚೀಟಿ ಜೋಪಾನ ಮಾಡಿ. ಸ್ಟೇರಿಂಗ್ ಎಳೆಯುತ್ತದೆ ಅಂತ ಮಾಲೀಕನಿಗೆ ಬಾಯಲ್ಲಿ ಹೇಳಿದರೆ ಸಾಲದು, ಫೋನಿನಲ್ಲಿ ಮೆಸೇಜು ಹಾಕಿ. ಅಪಘಾತದಲ್ಲಿ ಜೀವ ಹೋದರೆ ಮೊದಲು ಕೇಸು ಬೀಳುವುದು ಓಡಿಸಿದವನ ಮೇಲೆ. ಹಿಂದೆ ಐ.ಪಿ.ಸಿ. 304ಎ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106. ಆದರೆ 1988ರ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಒಂದು ಮಾತು ಹೇಳುತ್ತದೆ: ದೋಷ ಇರುವ ಗಾಡಿಯನ್ನು ಓಡಿಸಿದವನು ಮಾತ್ರವಲ್ಲ, ಗೊತ್ತಿದ್ದೂ ಓಡಿಸಲು ಬಿಟ್ಟವನೂ ಹೊಣೆ. ಅವನಿಗೆ ಗೊತ್ತಿತ್ತು ಅನ್ನುವುದಕ್ಕೆ ನಿಮ್ಮ ಕೈಯಲ್ಲಿ ಕಾಗದ ಇರಬೇಕು.

ಒಂದು ಟ್ರಿಪ್ಪಿನ ಬಾಟಾ ಹೋದರೆ ಇನ್ನೊಂದು ಟ್ರಿಪ್ಪಿನಲ್ಲಿ ಬರುತ್ತದೆ. “ಇದು ಸರಿಯಾಗೋ ತನಕ ಘಾಟಿ ಇಳಿಸಲ್ಲ” ಅಂತ ಹೇಳುವ ಧೈರ್ಯ ಒಬ್ಬನಿಗೇ ಬರುವುದು ಕಷ್ಟ. ಕೆಲಸ ಹೋಗುತ್ತದೆ ಅನ್ನುವ ಭಯ ಇರುತ್ತದೆ. ಹತ್ತು ಜನ ಚಾಲಕರು ಸೇರಿ ಹೇಳಿದರೆ ಮಾತಿಗೆ ತೂಕ ಬರುತ್ತದೆ. ಸಂಘ ಇರುವುದು ಇಂಥದ್ದಕ್ಕೂ ಹೌದು. ಸಂಘದ ಹುಡುಗರಿಗೆ ನನ್ನದೊಂದು ಬೇಡಿಕೆ: ಈ ವರ್ಷದ ಚಂದಾ ದುಡ್ಡಿನಲ್ಲಿ ಒಂದು ಒಳ್ಳೆಯ ಟಾರ್ಕ್ ರೆಂಚು, ಒಂದು ಜೊತೆ ಸ್ಟ್ಯಾಂಡು, ಒಂದು ಉದ್ದನೆಯ ಟೇಪು ಕೊಂಡು ಸಂಘದ ಕೋಣೆಯಲ್ಲಿ ಇಡಿ. ಯಾರಿಗೆ ಬೇಕೋ ಅವರು ಸಹಿ ಮಾಡಿ ಒಯ್ಯಲಿ, ವಾಪಸ್ ತಂದಿಡಲಿ. ಬಳಸುವುದನ್ನು ಕಲಿಯಲು ಬರುವವರಿಗೆ ಭಾನುವಾರ ನಮ್ಮ ಶೆಡ್ಡಿನ ಬಾಗಿಲು ತೆರೆದಿರುತ್ತದೆ.

ಜೈ ಭೀಮ್.